ಮೆಗ್ನೀಸಿಯಂ: ಊಟನಾ, ಮಾತ್ರೆನಾ, ಮಾತ್ರೆ ಅಂದ್ರೆ ಯಾವ್ದು?

ಮಲೆನಾಡಿನ ಒಂದು ಸಣ್ಣ ಊರಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿದೀನಿ, ಬಿ.ಫಾರ್ಮಾ ಮುಗಿಸಿ ಇದೇ ಕೌಂಟರ್ ಹಿಂದೆ ಕೂತು ಹದಿನಾಲ್ಕು ವರ್ಷ ಆಯ್ತು. ಮೊದಲೆಲ್ಲ ನಮ್ಮೂರಲ್ಲಿ ಮೆಗ್ನೀಸಿಯಂ ಅಂದ್ರೆ ಎರಡೇ, ಒಂದು ಗೊಬ್ಬರದಂಗಡೀಲಿ ಸಿಗೋ ಮೆಗ್ನೀಸಿಯಂ ಸಲ್ಫೇಟ್ ಚೀಲ, ಅಡಿಕೆ ಮರದ ಬುಡಕ್ಕೆ ಹಾಕೋದು, ಇನ್ನೊಂದು ಮಲಬದ್ಧತೆಗೆ ರಾತ್ರಿ ಕುಡಿಯೋ ಬಿಳೀ ಔಷಧಿ. ಈಗ ದಿನಕ್ಕೆ ಇಬ್ರಾದ್ರೂ ಬಂದು ಫೋನ್ ಮುಂದೆ ಹಿಡೀತಾರೆ, "ಅಣ್ಣ, ಈ ಗ್ಲೈಸಿನೇಟ್ ಅನ್ನೋದು ಇದ್ಯಾ?" ಅಂತ. ಫೋಟೋದಲ್ಲಿ ಡಬ್ಬಿ ಚೆನ್ನಾಗಿರುತ್ತೆ, ಬೆಲೆಯೂ ಚೆನ್ನಾಗೇ ಇರುತ್ತೆ. ಯಾಕೆ ಬೇಕು ಅಂದ್ರೆ ನಿದ್ದೆ ಬರಲ್ಲ, ರಾತ್ರಿ ಮೀನಖಂಡ ಹಿಡ್ಕೊಳುತ್ತೆ, ಸುಸ್ತು, ಕಣ್ಣಿನ ರೆಪ್ಪೆ ಅದುರುತ್ತೆ, ಹೀಗೆ ನಾಲ್ಕೈದು.

ಯಾವ್ದು ಒಳ್ಳೇದು ಅಂತ ಒಂದೇ ಮಾತಲ್ಲಿ ಹೇಳಿ ಅಂದ್ರೆ ನನ್ ಕೈಲಿ ಆಗಲ್ಲ. ಮಾತ್ರೆ ಯಾವ ಬಗೆ, ಆಕ್ಸೈಡಾ ಸಿಟ್ರೇಟಾ ಅನ್ನೋದು ಮೂರನೇ ಪ್ರಶ್ನೆ, ಮೊದಲ್ನೇದು ನಿಮಗೆ ನಿಜವಾಗ್ಲೂ ಕಮ್ಮಿ ಆಗಿದ್ಯಾ, ಎರಡ್ನೇದು ಆಗಿದ್ರೆ ಅದು ಎಲ್ಲಿ ಸೋರ್ತಿದೆ. ಇವೆರಡನ್ನ ಹಾರಿಸಿ ಡಬ್ಬಿ ಆರಿಸೋಕೆ ಕೂತ್ರೆ, ತಳ ತೂತಾಗಿರೋ ಕೊಡ ಇಟ್ಕೊಂಡು ಯಾವ ಬಾವಿ ನೀರು ರುಚಿ ಅಂತ ಚರ್ಚೆ ಮಾಡಿದಂಗೆ. ನಾನು ಡಾಕ್ಟರ್ ಅಲ್ಲ, ಕೌಂಟರ್ ಈ ಕಡೆಯಿಂದ ಕಂಡಿದ್ದನ್ನ, ಓದಿದ್ದನ್ನ, ಮನೇಲಿ ಅನುಭವಿಸಿದ್ದನ್ನ ಬರೀತಿದೀನಿ.

ಟೆಸ್ಟ್ ಮಾಡ್ಸೋದಾ, ಲಕ್ಷಣ ನೋಡ್ಕೊಂಡು ಶುರು ಮಾಡೋದಾ

ದೊಡ್ಡವರ ಮೈಯಲ್ಲಿ ಒಟ್ಟು ಮೆಗ್ನೀಸಿಯಂ ಸುಮಾರು 25 ಗ್ರಾಂ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಳೇಲಿ, ಉಳಿದಿದ್ದು ಸ್ನಾಯು ಮತ್ತೆ ಬೇರೆ ಅಂಗಗಳಲ್ಲಿ, ರಕ್ತದ ಸೀರಂನಲ್ಲಿ, ಅಂದ್ರೆ ರಕ್ತಕಣ ಬಿಟ್ಟು ಉಳಿಯೋ ತಿಳಿ ಭಾಗದಲ್ಲಿ, ಓಡಾಡೋದು ಶೇಕಡಾ 1ಕ್ಕಿಂತ ಕಮ್ಮಿ. ಇಷ್ಟು ಇಟ್ಕೊಂಡು ಅದು ಮಾಡೋ ಕೆಲಸ ಮಾತ್ರ ಬೇಜಾನ್, 300ಕ್ಕಿಂತ ಹೆಚ್ಚು ಎನ್‌ಜೈಮ್‌ಗಳಿಗೆ ಇದು ಬೇಕು, ನಾವು ಶಕ್ತಿ ಅಂತ ಹೇಳೋ ಎಟಿಪಿ ಕೂಡ ಮೆಗ್ನೀಸಿಯಂ ಜೊತೆ ಜೋಡಿಯಾಗಿದ್ರೇನೇ ಕೆಲಸಕ್ಕೆ ಬರೋದು, ಬಿಗಿದ ಸ್ನಾಯು ಸಡಿಲ ಆಗೋಕೆ, ಹಾರ್ಟ್ ತಾಳ ತಪ್ಪದೇ ಇರೋಕೆ, ಎಲ್ಲಾ ಕಡೆ ಇದರ ಕೈ ಇದೆ.

ಲ್ಯಾಬಲ್ಲಿ ಮಾಡೋದು ಸೀರಂ ಮೆಗ್ನೀಸಿಯಂ ಟೆಸ್ಟ್. ನಾರ್ಮಲ್ ಅಂದ್ರೆ ಡೆಸಿಲೀಟರಿಗೆ ಸುಮಾರು 1.7ರಿಂದ 2.2 ಮಿಲಿಗ್ರಾಂ (mg/dL), ಲ್ಯಾಬಿಂದ ಲ್ಯಾಬಿಗೆ ಒಂಚೂರು ಆಚೀಚೆ. ಮೈಯಲ್ಲಿರೋದ್ರಲ್ಲಿ ಶೇಕಡಾ 1ನ್ನೂ ನೋಡದೆ ಇರೋ ಟೆಸ್ಟ್ ಇದು, ಹಾಗಾಗಿ ರಿಪೋರ್ಟ್ ನಾರ್ಮಲ್ ಬಂತು ಅಂದ್ರೆ ಉಗ್ರಾಣ ತುಂಬಿದೆ ಅಂತ ಗ್ಯಾರಂಟಿ ಇಲ್ಲ, ಆದ್ರೆ ರಿಪೋರ್ಟಲ್ಲೇ ಕಮ್ಮಿ ಬಂತು ಅಂದ್ರೆ ಅದನ್ನ ಹಗುರವಾಗಿ ತಗೋಬೇಡಿ. ಕೆಂಪು ರಕ್ತಕಣದ ಒಳಗಿನ ಮೆಗ್ನೀಸಿಯಂ ನೋಡೋ ಟೆಸ್ಟ್ ಒಂದಿದೆ, ದುಡ್ಡು ಜಾಸ್ತಿ, ಅದರ ಮೇಲೆ ಡಾಕ್ಟರ್ ಬೇರೆ ತೀರ್ಮಾನ ತಗೊಂಡಿದ್ದು ನಾನಂತೂ ನೋಡಿಲ್ಲ, ಸೀರಂ ಸಾಕು.

ಲಕ್ಷಣ ನೋಡಿ ಹೇಳೋದು ಕಷ್ಟ ಯಾಕಂದ್ರೆ ಶುರೂನಲ್ಲಿ ಬರೋದು ಹಸಿವಾಗದೇ ಇರೋದು, ವಾಕರಿಕೆ, ಸುಸ್ತು, ನಿಶ್ಶಕ್ತಿ. ಇವು ಯಾವ ಕಾಯಿಲೇಲಿ ಬರಲ್ಲ ಹೇಳಿ? ಇನ್ನೂ ಇಳಿದ್ರೆ ಕೈಕಾಲು ಜುಮ್ಮೆನ್ನೋದು, ಸ್ನಾಯು ಸೆಳೆತ, ನಡುಕ, ತೀರಾ ಇಳಿದ್ರೆ ಫಿಟ್ಸ್, ಹಾರ್ಟ್ ಬಡಿತ ಏರುಪೇರು. ಆ ಹೊತ್ತಿಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎರಡನ್ನೂ ಜೊತೇಲಿ ಎಳ್ಕೊಂಡು ಇಳಿದಿರುತ್ತೆ, ಪೊಟ್ಯಾಸಿಯಂ ಎಷ್ಟು ಕೊಟ್ರೂ ಏರ್ತಾ ಇಲ್ಲ ಅಂದ್ರೆ ಡಾಕ್ಟ್ರು ಮೊದಲು ಮೆಗ್ನೀಸಿಯಂ ಚೆಕ್ ಮಾಡ್ಸೋದು ಇದಕ್ಕೇನೇ.

ತೋಟ ಇರೋರಿಗೆ ಇದನ್ನ ಹೇಳೋದು ಸುಲಭ. ಅಡಿಕೆ ಸೋಗೆ ಹಳದಿ ಆಯ್ತು ಅಂದ ತಕ್ಷಣ ಕೆಲವರು ಮೆಗ್ನೀಸಿಯಂ ಚೀಲ ಹೊತ್ಕೊಂಡು ಹೋಗ್ತಾರೆ, ನಮ್ಮ ಹುಳಿ ಮಣ್ಣಲ್ಲಿ ಮಳೆಗೆ ಮೆಗ್ನೀಸಿಯಂ ತೊಳೆದು ಹೋಗೋದು ನಿಜ, ಕೊರತೆ ಆದ್ರೆ ಹಳೇ ಸೋಗೆಯಿಂದ ಹಳದಿ ಶುರು ಆಗೋದೂ ನಿಜ, ಆದ್ರೆ ಶೃಂಗೇರಿ ಕೊಪ್ಪ ಕಡೆಯವರನ್ನ ಕೇಳಿ, ಹಳದಿ ಎಲೆ ರೋಗ ಅನ್ನೋದು ಬೇರೇನೇ, ಅದಕ್ಕೆ ಎಷ್ಟು ಚೀಲ ಸುರಿದ್ರೂ ಮರ ಉಳಿಯಲ್ಲ. ಮೀನಖಂಡ ಹಿಡ್ಕೊಂಡಿದ್ದೆಲ್ಲ ಮೆಗ್ನೀಸಿಯಂ ಅಲ್ಲ. ವಿಟಮಿನ್ ಡಿ, ಥೈರಾಯ್ಡ್, ವೆರಿಕೋಸ್, ನೀರು ಕಮ್ಮಿ ಕುಡಿಯೋದು, ಇಡೀ ದಿನ ನಿಂತು ಕೆಲಸ ಮಾಡೋದು, ಕಾರಣ ಹತ್ತಾರಿವೆ. ರೆಪ್ಪೆ ಅದುರೋದಂತೂ ಬಹುಪಾಲು ನಿದ್ದೆಗೆಟ್ಟು ಕಾಫಿ ಜಾಸ್ತಿ ಕುಡಿದೋರಿಗೆ ಬರೋದು.

ಹಾಗಾದ್ರೆ ಯಾರು ಟೆಸ್ಟ್ ಮಾಡ್ಸಬೇಕು? ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗ್ತಿರೋರು, ಮೂತ್ರ ಹೋಗೋಕೆ ಕೊಡೋ ಮಾತ್ರೆ ತಗೊಳ್ತಿರೋರು, ಶುಗರ್ ಕಂಟ್ರೋಲಲ್ಲಿ ಇಲ್ಲದೋರು, ದಿನಾ ಕುಡಿಯೋರು, ತಿಂಗಳುಗಟ್ಟಲೆ ಭೇದಿ ಇರೋರು, ಕರುಳಿನ ಆಪರೇಷನ್ ಆಗಿರೋರು, ಇವರು ಡಬ್ಬಿ ತಗೊಳೋ ಮುಂಚೆ ಟೆಸ್ಟ್ ಮಾಡ್ಸಿ. ಇದ್ಯಾವ್ದೂ ಇಲ್ಲದ, ಬಿಪಿ ಶುಗರ್ ಕಿಡ್ನಿ ಎಲ್ಲಾ ಸರಿ ಇರೋ ಮೂವತ್ತರ ಹುಡುಗರು ಟೆಸ್ಟೂ ಬೇಡ ಡಬ್ಬೀನೂ ಬೇಡ, ಕೆಳಗೆ ಊಟದ ಭಾಗ ಓದಿ.

ಸೋರೋ ಜಾಗ ಹುಡುಕೋದು ಅಥವಾ ಮೇಲಿಂದ ತುಂಬೋದು: ನಮ್ಮಮ್ಮನ ವಿಷ್ಯ

ನಮ್ಮಮ್ಮನಿಗೆ 68. ಎರಡು ವರ್ಷದ ಹಿಂದೆ ರಾತ್ರಿ ಎರಡೂವರೆ ಮೂರಕ್ಕೆ ಕಾಲು ಸೆಟೆದುಕೊಳ್ಳೋಕೆ ಶುರು ಆಯ್ತು, ಎದ್ದು ಗೋಡೆ ಹಿಡ್ಕೊಂಡು ಪಾದ ಒತ್ತಿ ನಿಲ್ತಿದ್ರು, ನನ್ನ ಎಬ್ಬಿಸ್ತಾ ಇರ್ಲಿಲ್ಲ, ಬೆಳಿಗ್ಗೆ ಹೇಳ್ತಿದ್ರು. ಮಗ ಮೆಡಿಕಲ್ ಶಾಪಿನವನು, ಏನ್ ಮಾಡ್ತಾನೆ? ಕಪಾಟಿಂದ ಒಂದು ಮೆಗ್ನೀಸಿಯಂ ಆಕ್ಸೈಡ್ ಸ್ಟ್ರಿಪ್ ತಂದ್ಕೊಟ್ಟೆ. ಎಂಟು ತಿಂಗಳು ಕೊಟ್ಟೆ, ಒಂದಿನ ವಾಸಿ ಅಂದ್ರೆ ನಾಲ್ಕು ದಿನ ಅದೇ ಕಥೆ. ಕೊನೆಗೆ ಬಿಪಿ ಚೆಕಪ್‌ಗೆ ಹೋದಾಗ ಡಾಕ್ಟ್ರು ಎಲೆಕ್ಟ್ರೊಲೈಟ್ ಜೊತೆ ಮೆಗ್ನೀಸಿಯಂ ಬರೆದ್ರು, 1.3 ಬಂತು. ಎಂಟು ತಿಂಗಳು ಮಾತ್ರೆ ತಿಂದ ಮೇಲೆ 1.3!

ಡಾಕ್ಟ್ರು ಅವರ ಹಳೇ ಚೀಟಿ ಎಲ್ಲ ಟೇಬಲ್ ಮೇಲೆ ಹರಡ್ಕೊಂಡು ಎರಡು ಕಡೆ ಪೆನ್ನಲ್ಲಿ ಗೀಟು ಹಾಕಿದ್ರು. ಒಂದು, ಬೆಳಿಗ್ಗೆ ಖಾಲಿ ಹೊಟ್ಟೇಲಿ ಪ್ಯಾಂಟೊಪ್ರಜೋಲ್ ಅನ್ನೋ ಗ್ಯಾಸ್ಟ್ರಿಕ್ ಮಾತ್ರೆ, ಆರು ವರ್ಷದಿಂದ. ಯಾವತ್ತೋ ಹದಿನೈದು ದಿನಕ್ಕೆ ಅಂತ ಕೊಟ್ಟಿದ್ದು, ಯಾರೂ ನಿಲ್ಲಿಸಿ ಅನ್ಲಿಲ್ಲ, ಅಮ್ಮಾನೂ ನಿಲ್ಲಿಸ್ಲಿಲ್ಲ, ತಿಂಗಳು ತಿಂಗಳು ಸ್ಟ್ರಿಪ್ ಮನೆಗೆ ತಂದ್ಕೊಡ್ತಿದ್ದೋನು ನಾನೇ. ಎರಡು, ಬಿಪಿ ಮಾತ್ರೆ ಒಳಗೆ ಜೊತೆಯಾಗಿದ್ದ ಹೈಡ್ರೊಕ್ಲೋರೊಥಯಾಜೈಡ್, ಮೂತ್ರ ಹೆಚ್ಚಿಸೋದು, ಮೂತ್ರದ ಜೊತೆ ಮೆಗ್ನೀಸಿಯಮ್ಮೂ ಹೊರಗೆ. ಒಂದು ಒಳಗೆ ಬರೋ ಬಾಗಿಲು ಮುಚ್ಚಿತ್ತು, ಇನ್ನೊಂದು ಹೊರಗೆ ಹೋಗೋ ಬಾಗಿಲು ತೆಗೆದಿಟ್ಟಿತ್ತು, ನಾನು ಮಧ್ಯದಲ್ಲಿ ದಿನಾ ಒಂದು ಮಾತ್ರೆ ಹಾಕ್ತಾ ಇದ್ದೆ.

ಇದು ಹೊಸ ವಿಷ್ಯ ಏನಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರ ಮಾರ್ಚಲ್ಲೇ ಎಚ್ಚರಿಕೆ ಕೊಟ್ಟಿತ್ತು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್, ಹೆಸರ ಕೊನೇಲಿ 'ಪ್ರಜೋಲ್' ಇರೋ ಈ ಗುಂಪಿನ ಮಾತ್ರೆಗಳನ್ನ ಬಹಳ ದಿನ, ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಜಾಸ್ತಿ ತಗೊಂಡ್ರೆ ಮೆಗ್ನೀಸಿಯಂ ಇಳೀಬಹುದು, ಅವರು ನೋಡಿದ ಕೇಸುಗಳಲ್ಲಿ ಕಾಲು ಭಾಗದಷ್ಟು ಜನಕ್ಕೆ ಬರೀ ಮೆಗ್ನೀಸಿಯಂ ಕೊಟ್ರೆ ಸರಿ ಹೋಗ್ಲಿಲ್ಲ, ಆ ಮಾತ್ರೇನೇ ನಿಲ್ಲಿಸಬೇಕಾಯ್ತು. ನಾನು ಇದನ್ನ ಓದಿದ್ದೆ. ಓದಿದ್ದೆ, ಆದ್ರೆ ಅಮ್ಮನ ಡಬ್ಬಿ ತೆಗೆದು ನೋಡೋಕೆ ತಲೆಗೆ ಹೊಳೀಲಿಲ್ಲ.

ಡಾಕ್ಟ್ರು ಪ್ಯಾಂಟೊಪ್ರಜೋಲ್ ನಿಲ್ಲಿಸಿ ಫ್ಯಾಮೊಟಿಡಿನ್ ಅನ್ನೋ ಬೇರೆ ಬಗೆಯ ಆಸಿಡ್ ಮಾತ್ರೆಗೆ ಹಾಕಿದ್ರು, ಬಿಪಿ ಮಾತ್ರೆ ಬದಲಾಯಿಸಿದ್ರು, ಸ್ವಲ್ಪ ದಿನಕ್ಕೆ ಸಿಟ್ರೇಟ್ ಕೊಟ್ರು. ಮೊದಲ ಎರಡು ವಾರ ಎದೆ ಉರಿ ಜಾಸ್ತೀನೇ ಆಯ್ತು, ಈ ಮಾತ್ರೆ ನಿಲ್ಲಿಸಿದಾಗ ಆಸಿಡ್ ಒಂದ್ಸಲ ಉಕ್ಕಿ ಬರುತ್ತೆ, ಅದನ್ನ ನೋಡಿ ಹೆದರಿ ಮತ್ತೆ ಶುರು ಮಾಡ್ಕೊಳೋರೇ ಜಾಸ್ತಿ. ಎರಡು ತಿಂಗಳಿಗೆ 1.8. ಕಾಲು ಹಿಡ್ಕೊಳೋದು ತೀರಾ ನಿಂತಿಲ್ಲ, ವಾರಕ್ಕೊಂದ್ಸಲ ಬರುತ್ತೆ, ಆದ್ರೆ ಮೊದಲಿನ ಹಾಗೆ ದಿನಾ ಗೋಡೆ ಹಿಡ್ಕೊಂಡು ನಿಲ್ಲೋದಿಲ್ಲ.

ಇದನ್ನ ಓದಿ ನೀವೇ ನಿಮ್ಮ ಮಾತ್ರೆ ನಿಲ್ಲಿಸ್ಬೇಡಿ ಮಾರಾಯ್ರೆ. ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗಿದ್ದೋರಿಗೆ, ಹಾರ್ಟಿಗೆ ರಕ್ತ ತೆಳು ಮಾಡೋ ಮಾತ್ರೆ ತಗೊಳೋ ಕೆಲವರಿಗೆ ಈ ಗ್ಯಾಸ್ಟ್ರಿಕ್ ಮಾತ್ರೆ ಬೇಕೇ ಬೇಕು. ಚೀಟಿ ತಗೊಂಡ್ಹೋಗಿ "ಇದು ಇನ್ನೂ ಬೇಕಾ?" ಅಂತ ಕೇಳಿ, ಅಷ್ಟೇ. ಮೂತ್ರದ ಮಾತ್ರೆಗಳಲ್ಲೂ ಎಲ್ಲಾ ಒಂದೇ ಅಲ್ಲ, ಥಯಾಜೈಡ್, ಫ್ಯೂರೊಸೆಮೈಡ್ ಮೆಗ್ನೀಸಿಯಂ ಕಳೀತವೆ, ಸ್ಪೈರೊನೊಲ್ಯಾಕ್ಟೋನ್, ಅಮಿಲೊರೈಡ್ ಥರದವು ಉಳಿಸ್ತವೆ.

ಊಟ: ಮುದ್ದೆ ಬಸ್ಸಾರಾ, ಅನ್ನ ತಿಳಿಸಾರಾ

ಹೆಂಗಸರಿಗೆ ದಿನಕ್ಕೆ 310ರಿಂದ 320 ಮಿಲಿಗ್ರಾಂ, ಗಂಡಸರಿಗೆ 400ರಿಂದ 420 ಅನ್ನೋದು ಅಮೆರಿಕದ ಲೆಕ್ಕ, ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕ ಇದಕ್ಕಿಂತ ಸ್ವಲ್ಪ ಜಾಸ್ತಿ. ತಿಂದಿದ್ದೆಲ್ಲ ಒಳಗೆ ಹೋಗಲ್ಲ, ಊಟದಲ್ಲಿ ಇರೋದ್ರಲ್ಲಿ ಶೇಕಡಾ 30–40ರಷ್ಟು ಮೈಗೆ ಹತ್ತುತ್ತೆ, ಆ ಲೆಕ್ಕ ಈ ನಂಬರಲ್ಲೇ ಸೇರಿದೆ.

ಈಗ ನೋಡಿ. ಪಾಲಿಶ್ ಮಾಡಿದ ಅಕ್ಕಿ 100 ಗ್ರಾಂನಲ್ಲಿ ಮೆಗ್ನೀಸಿಯಂ 20–25 ಮಿಲಿಗ್ರಾಂ ಇದ್ರೆ ಹೆಚ್ಚು. ರಾಗಿ 100 ಗ್ರಾಂನಲ್ಲಿ ಸುಮಾರು 140. ಜೋಳ, ಸಜ್ಜೆ, ಗೋಧಿ ಹಿಟ್ಟು ಎಲ್ಲಾ 120–130ರ ಹತ್ರ, ಮೈದಾ ಮಾಡಿದ್ರೆ ಅದೇ ಗೋಧಿ ಕೈ ಬಿಡುತ್ತೆ ಯಾಕಂದ್ರೆ ಇರೋದು ಹೊಟ್ಟು ಮತ್ತು ಮೊಳಕೆ ಭಾಗದಲ್ಲಿ. ಅಕ್ಕಿಗೂ ಅದೇ ಗತಿ, ಮಿಲ್ಲಲ್ಲಿ ತೌಡಿನ ಜೊತೆ ಹೋಗೋದನ್ನ ದನ ತಿಂದು ದನ ಚೆನ್ನಾಗಿರುತ್ತೆ. ಹೆಸರುಕಾಳು, ಹುರಳಿ, ಅಲಸಂದೆ 100 ಗ್ರಾಂಗೆ 150ರಿಂದ 200ರ ಆಸುಪಾಸು. ಎಳ್ಳು 350, ಆದ್ರೆ ಯಾರೂ 100 ಗ್ರಾಂ ಎಳ್ಳು ತಿನ್ನಲ್ಲ, ಒಂದು ದೊಡ್ಡ ಚಮಚ (ಟೇಬಲ್‌ಸ್ಪೂನ್) ಎಳ್ಳಿಗೆ 30 ಸಿಗುತ್ತೆ. ಒಂದು ಹಿಡಿ ಕಡ್ಲೇಬೀಜ 50, ಒಂದು ಬಾಳೆಹಣ್ಣು 30, ಒಂದು ಹಿಡಿ ಬಾದಾಮಿ 80, ಗೋಡಂಬಿ 74. ಎಲ್ಲಕ್ಕಿಂತ ಮುಂದೆ ಇರೋದು ಕುಂಬಳಬೀಜ, 28 ಗ್ರಾಂಗೆ 156, ಸಿಹಿಗುಂಬಳ ಹೆಚ್ಚಿ ಬೀಜಾನ ತಿಪ್ಪೆಗೆ ಎಸೆದು ಅದೇ ಬೀಜಾನ ಪ್ಯಾಕೆಟಲ್ಲಿ ದುಡ್ಡು ಕೊಟ್ಟು ತರೋ ಕಾಲ ಇದು. ಸೊಪ್ಪಿನ ಹಸಿರು ಬಣ್ಣದ ನಟ್ಟನಡುವೆ ಕೂತಿರೋದೇ ಮೆಗ್ನೀಸಿಯಂ, ಹಾಗಾಗಿ ಯಾವ ಸೊಪ್ಪಾದ್ರೂ ಸೈ, ಬೇಯಿಸಿದ ಪಾಲಕ್ ಅರ್ಧ ಕಪ್‌ಗೆ 78. ಹಾಲಲ್ಲಿ ಇದೆ ಅನ್ಕೊಂಡಿರ್ತಾರೆ ತುಂಬಾ ಜನ, ಒಂದು ಲೋಟಕ್ಕೆ 25 ಅಷ್ಟೇ, ಹಾಲು ಕ್ಯಾಲ್ಸಿಯಂಗೆ.

ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಅಂತ ಹಿಡೀರಿ, 110 ಬಂತು. ಕಾಳು ಸೊಪ್ಪು ಹಾಕಿದ ಬಸ್ಸಾರು, ಕಾಳು 40 ಗ್ರಾಂ ಸೊಪ್ಪು ಒಂದು ಹಿಡಿ, 120ರ ಮೇಲೆ. ಸಂಜೆ ಕಡ್ಲೇಬೀಜ, ಒಂದು ಬಾಳೆಹಣ್ಣು, 80. ಅಲ್ಲಿಗೇ 310 ದಾಟ್ತು, ಉಳಿದ ತಿಂಡಿ, ಕಾಫಿ, ಚಟ್ನಿ ಎಲ್ಲಾ ಬೋನಸ್ಸು. ಅದೇ ಮೂರು ಹೊತ್ತೂ ಬಿಳಿ ಅನ್ನ, ತಿಳಿಸಾರು, ಮಜ್ಜಿಗೆ, ಮಧ್ಯೆ ಬ್ರೆಡ್ ಬಿಸ್ಕತ್ತು ಅಂದ್ರೆ 150 ತಲುಪೋದೂ ಕಷ್ಟ. ನಮ್ಮ ಮಲೆನಾಡು, ಕರಾವಳಿ ಕಡೆ ಅನ್ನವೇ ಎಲ್ಲಾ, ನಮ್ಮಲ್ಲಿ ಮುದ್ದೆ ಮಾಡಿ ಅಂದ್ರೆ ಮುಖ ನೋಡ್ತಾರೆ, ಅಂಥೋರಿಗೆ ಪಾಲಿಶ್ ಮಾಡದ ಕೆಂಪು ಕುಚ್ಚಲಕ್ಕಿ ಸುಲಭದ ದಾರಿ, ತೌಡು ಉಳಿದಿರೋ ಅಕ್ಕೀಲಿ 90ರ ಹತ್ರ ಸಿಗುತ್ತೆ, ಬಿಳಿ ಅಕ್ಕಿಗಿಂತ ನಾಲ್ಕು ಪಟ್ಟು.

ಬಸ್ಸಾರಿನ ಬಗ್ಗೆ ಒಂದು ಮಾತು ಜಾಸ್ತಿ ಹೇಳ್ತೀನಿ, ನಂಗಿಷ್ಟ ಅಂತ ಮಾತ್ರ ಅಲ್ಲ. ಕಾಳು ಸೊಪ್ಪು ಬೇಯಿಸಿದಾಗ ಮೆಗ್ನೀಸಿಯಂ ಸ್ವಲ್ಪ ನೀರಿಗೆ ಇಳಿಯುತ್ತೆ, ಆ ನೀರು ಚೆಲ್ಲಿದ್ರೆ ಹೋಯ್ತು. ಬಸ್ಸಾರಲ್ಲಿ ಬಸಿದ ಕಟ್ಟೇ ಸಾರಾಗುತ್ತೆ, ಕಾಳು ಸೊಪ್ಪು ಪಲ್ಯ ಆಗುತ್ತೆ, ಏನೂ ಆಚೆ ಹೋಗಲ್ಲ. ಇನ್ನೊಂದು, ಕಾಳು ರಾಗೀಲಿ ಫೈಟೇಟ್ ಅನ್ನೋದು ಖನಿಜಗಳನ್ನ ಹಿಡ್ಕೊಂಡು ಬಿಡಲ್ಲ ಅಂತ ಹೇಳ್ತಾರಲ್ಲ, ನೆನೆಸಿ ಮೊಳಕೆ ಕಟ್ಟಿದ್ರೆ ಅದು ಕಮ್ಮಿ ಆಗುತ್ತೆ, ಮಗುವಿಗೆ ಅಂತ ಮೊಳಕೆ ರಾಗಿ ಸರಿಹಿಟ್ಟು ಮಾಡ್ತೀವಲ್ಲ, ದೊಡ್ಡೋರೂ ಕುಡೀಬಹುದು, ಯಾರೂ ಬೈಯಲ್ಲ.

ನೀರಿನ ವಿಷ್ಯ ಕೇಳೋರಿದಾರೆ. ಬೋರ್‌ವೆಲ್ ಗಡಸು ನೀರಲ್ಲಿ ಮೆಗ್ನೀಸಿಯಂ ಇರುತ್ತೆ, ಕುಡಿಯೋ ನೀರಿನ ನಮ್ಮ ಸ್ಟ್ಯಾಂಡರ್ಡ್ ಪ್ರಕಾರ ಲೀಟರಿಗೆ 30 ಮಿಲಿಗ್ರಾಂ ತನಕ ಸರಿ, ಬೇರೆ ನೀರು ಇಲ್ಲದಿದ್ರೆ 100ರ ತನಕ ಓಕೆ. ಆರ್‌ಓ ಹಾಕಿದ್ರೆ ಕ್ಯಾಲ್ಸಿಯಂ ಜೊತೆ ಇದೂ ಬಹುಪಾಲು ಹೋಗುತ್ತೆ. ಹಾಗಂತ ಆರ್‌ಓ ಕಿತ್ತು ಹಾಕೋಕೆ ಹೋಗ್ಬೇಡಿ, ಫ್ಲೋರೈಡ್, ನೈಟ್ರೇಟ್ ಇರೋ ಊರಲ್ಲಿ ಅದು ಬೇಕು, ಹೋದ ಮೆಗ್ನೀಸಿಯಂ ಒಂದು ಹಿಡಿ ಕಡ್ಲೇಬೀಜದಲ್ಲಿ ವಾಪಸ್ ಬರುತ್ತೆ.

ಮಾತ್ರೆನೇ ಬೇಕು ಅಂದ್ರೆ

ಮೊದಲು ಡಬ್ಬಿ ತಿರುಗಿಸಿ ಹಿಂದೆ ಓದಿ. ಮುಂದೆ ದಪ್ಪಕ್ಷರದಲ್ಲಿ 1000 ಅಂತಲೋ 2000 ಅಂತಲೋ ಬರೆದಿರೋದು ಸಾಮಾನ್ಯವಾಗಿ ಇಡೀ ಉಪ್ಪಿನ, ಅಂದ್ರೆ ಮೆಗ್ನೀಸಿಯಂ ಬೇರೊಂದರ ಜೊತೆ ಸೇರಿರೋ ಸಂಯುಕ್ತದ ತೂಕ, ಅದ್ರಲ್ಲಿ ಮೆಗ್ನೀಸಿಯಂ ಎಷ್ಟು ಅನ್ನೋದು ಎಲಿಮೆಂಟಲ್ ಮೆಗ್ನೀಸಿಯಂ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಅಡಿಕೆ ಗೊನೆ ತೂಕಕ್ಕೂ ಸುಲಿದ ಅಡಿಕೆ ತೂಕಕ್ಕೂ ಇರೋ ವ್ಯತ್ಯಾಸ. ಎಲಿಮೆಂಟಲ್ ಎಷ್ಟು ಅಂತ ಬರೆದೇ ಇಲ್ಲ ಅಂದ್ರೆ ಆ ಡಬ್ಬಿ ಅಲ್ಲೇ ಬಿಡಿ.

ಆಕ್ಸೈಡ್: ತೂಕದ ಶೇಕಡಾ 60 ಮೆಗ್ನೀಸಿಯಮ್ಮೇ, 400ರ ಮಾತ್ರೇಲಿ 240 ಸಿಗುತ್ತೆ, ಅಗ್ಗ, ಎಲ್ಲಾ ಅಂಗಡೀಲೂ ಇದೆ. ಆದ್ರೆ ನೀರಲ್ಲಿ ಕರಗೋದು ಕಮ್ಮಿ, ಮೈಗೆ ಹತ್ತೋದೂ ಕಮ್ಮಿ, ಉಳಿದಿದ್ದು ಕರುಳಲ್ಲಿ ನೀರು ಎಳ್ಕೊಂಡು ಬೆಳಿಗ್ಗೆ ಹೊರಗೆ. ಮಲಬದ್ಧತೆ ಇರೋರಿಗೆ ಅದೇ ಲಾಭ. ನಾನು ಎಂಟು ತಿಂಗಳು ಅಮ್ಮನಿಗೆ ಕೊಟ್ಟಿದ್ದು ಇದನ್ನೇ ಅನ್ನೋದು ಮತ್ತೆ ಹೇಳ್ಬೇಕಾಗಿಲ್ಲ.

ಸಿಟ್ರೇಟ್: ತೂಕದಲ್ಲಿ ಶೇಕಡಾ 16ರಷ್ಟೇ, ಅಂದ್ರೆ 1000ಕ್ಕೆ 150–160, ಆದ್ರೆ ಆಕ್ಸೈಡ್‌ಗಿಂತ ಚೆನ್ನಾಗಿ ಹತ್ತುತ್ತೆ. ಡೋಸ್ ಜಾಸ್ತಿ ಆದ್ರೆ ಇದೂ ಹೊಟ್ಟೆ ಸಡಿಲ ಮಾಡುತ್ತೆ. ಯಾರಾದ್ರೂ ಏನೂ ತಲೆಕೆಡಿಸ್ಕೊಳ್ಳದೇ ಒಂದು ಕೊಡಿ ಅಂದ್ರೆ, ಕಿಡ್ನಿ ಸರಿ ಇದ್ರೆ, ನಾನು ತೆಗೆದು ಕೊಡೋದು ಇದನ್ನ.

ಗ್ಲೈಸಿನೇಟ್: ಈಗ ಎಲ್ಲಾರ ಬಾಯಲ್ಲೂ ಇದೇ. ಶೇಕಡಾ 14ರ ಹತ್ರ, ಹತ್ತೋದು ಚೆನ್ನಾಗಿ, ಹೊಟ್ಟೆಗೆ ತೊಂದ್ರೆ ಕಮ್ಮಿ, ಬೇಗ ಭೇದಿ ಆಗೋರಿಗೆ ಇದು ಸರಿ. ಬೆಲೆ ಮಾತ್ರ ಕೈ ಕಚ್ಚುತ್ತೆ. ಲೇಬಲ್ಲಲ್ಲಿ 'ಬಫರ್ಡ್' ಅಂತಿದ್ರೆ ಒಳಗೆ ಆಕ್ಸೈಡ್ ಬೆರೆಸಿದಾರೆ ಅಂತರ್ಥ, ಹಾಲಿಗೆ ನೀರು ಬೆರೆಸಿ ಹಾಲಿನ ರೇಟು ತಗೊಂಡಂಗೆ. ಸಿಟ್ರೇಟ್ ತಡ್ಕೊಳೋ ಹೊಟ್ಟೆಯವರಿಗೆ ಇದಕ್ಕೆ ದುಪ್ಪಟ್ಟು ಕೊಡೋಕೆ ಕಾರಣ ನಂಗೆ ಕಂಡಿಲ್ಲ.

ಥ್ರಿಯೋನೇಟ್ ಅಂತ ಒಂದು ಬಂದಿದೆ, ಮೆದುಳಿಗೆ ಹೋಗುತ್ತೆ, ನೆನಪಿನ ಶಕ್ತಿ ಅಂತೆಲ್ಲ ಹೇಳ್ತಾರೆ, ತೂಕದಲ್ಲಿ ಶೇಕಡಾ 8ರಷ್ಟು ಮಾತ್ರ ಮೆಗ್ನೀಸಿಯಂ, ಶುರೂನಲ್ಲಿ ಸದ್ದು ಮಾಡಿದ್ದು ಇಲಿಗಳ ಮೇಲಿನ ಪ್ರಯೋಗ. ಕೊರತೆ ತುಂಬೋಕೆ ಅಂತ ಇದನ್ನ ತಗೋಬೇಡಿ. ಮ್ಯಾಲೇಟ್, ಟೌರೇಟ್ ಬಗ್ಗೆ ವಿಶೇಷ ಹೇಳೋಕೇನಿಲ್ಲ.

ಎಷ್ಟು ಅಂದ್ರೆ, ಊಟ ಬಿಟ್ಟು ಬರೀ ಮಾತ್ರೆಯಿಂದ ದಿನಕ್ಕೆ 350 ದಾಟಬೇಡಿ ಅಂತ ಅಮೆರಿಕ, 250 ಅಂತ ಯೂರೋಪ್. ನಾನು 100–150ರಿಂದ ರಾತ್ರಿ ಊಟ ಆದ್ಮೇಲೆ ಶುರು ಮಾಡಿ ಅಂತೀನಿ, ಹೊಟ್ಟೆ ಏನನ್ನುತ್ತೆ ನೋಡ್ಕೊಂಡು ಮುಂದೆ. ಬೆಲೆ ಹೋಲಿಸುವಾಗ ಡಬ್ಬಿ ಬೆಲೆ ನೋಡ್ಬೇಡಿ, ಒಟ್ಟು ಎಲಿಮೆಂಟಲ್‌ನಿಂದ ಭಾಗಿಸಿ 100 ಮಿಲಿಗ್ರಾಂಗೆ ಎಷ್ಟು ಬಿತ್ತು ನೋಡಿ, ಆಗ ಚೆಂದದ ಡಬ್ಬಿಗಳು ಸಪ್ಪಗಾಗ್ತವೆ.

ಚರ್ಮಕ್ಕೆ ಹಚ್ಚೋದು, ಗೊಬ್ಬರದ ಚೀಲ, ಡ್ರಿಪ್

ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಸಿಯಂ ಸಲ್ಫೇಟೇ, ಇಂಗ್ಲೆಂಡಿನ ಎಪ್ಸಮ್ ಅನ್ನೋ ಊರಿನ ಕಹಿನೀರಿಂದ ಹೆಸರು ಬಂದಿದ್ದು. ಬಿಸಿನೀರಿಗೆ ಹಾಕಿ ಕಾಲಿಟ್ಕೊಂಡ್ರೆ ಹಿತ ಅನ್ಸುತ್ತೆ, ಆ ಹಿತ ಬಿಸಿನೀರಿಂದು. ಚರ್ಮದ ಮೂಲಕ ಕೊರತೆ ತುಂಬೋ ಅಷ್ಟು ಒಳಗೆ ಹೋಗುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ, ಸ್ಪ್ರೇ ಎಣ್ಣೆಗಳಿಗೂ ಇದೇ ಮಾತು.

ಹೋದ ಮಳೆಗಾಲದಲ್ಲಿ ಒಬ್ರು ಹಿರಿಯರು ಬಂದು ನಿಧಾನಕ್ಕೆ ಕೇಳಿದ್ರು, "ತಮ್ಮಾ, ತೋಟಕ್ಕೆ ತಂದಿದ್ದು ಅರ್ಧ ಚೀಲ ಉಳಿದಿದೆ, ಅದೂ ಮೆಗ್ನೀಸಿಯಂ ಅಲ್ವಾ, ಒಂದ್ ಚಮಚ ನೀರಿಗೆ ಹಾಕಿ ಕುಡಿದ್ರೆ ಏನಾಗುತ್ತೆ?" ಏನಾಗುತ್ತೆ ಅಂದ್ರೆ ಮೊದಲು ಚೊಂಬು ಹಿಡ್ಕೊಂಡು ಓಡಬೇಕಾಗುತ್ತೆ, ಆಮೇಲೆ ಅದು ಗೊಬ್ಬರದ ದರ್ಜೆಯದು, ಏನೇನು ಕಲಬೆರಕೆ ಇದೆ ಯಾರಿಗೂ ಗೊತ್ತಿಲ್ಲ, ತಿನ್ನೋದಲ್ಲ. ಅವರಿಗೆ ಶುಗರ್ರೂ ಇತ್ತು, ಕಿಡ್ನಿ ನೋಡೋ ಕ್ರಿಯಾಟಿನಿನ್ ಟೆಸ್ಟ್ ಮಾಡ್ಸಿ ಎಷ್ಟು ದಿನ ಆಯ್ತು ಅಂದ್ರೆ ನೆನಪಿಲ್ಲ ಅಂದ್ರು. ಟೆಸ್ಟಿಗೆ ಕಳಿಸಿದೆ.

ಡ್ರಿಪ್ ಮೂಲಕ ಕೊಡೋದು ಆಸ್ಪತ್ರೆ ಕೆಲಸ, ಸುಸ್ತು ಅಂತ ಹಾಕಿಸ್ಕೊಳೋದಲ್ಲ. ತೀರಾ ಇಳಿದಾಗ, ಹಾರ್ಟ್ ಬಡಿತ ಒಂದು ಥರ ಹದಗೆಟ್ಟಾಗ, ಬಸುರಿಯರಿಗೆ ಬಿಪಿ ಏರಿ ಫಿಟ್ಸ್ ಬರೋ ಅಪಾಯ ಇದ್ದಾಗ ಕೊಡ್ತಾರೆ. ಈ ಕೊನೇದಕ್ಕೆ ಅದು ಜೀವ ಉಳಿಸೋ ಔಷಧಿ, 2002ರಲ್ಲಿ ಬಂದ ಮ್ಯಾಗ್‌ಪೈ ಅನ್ನೋ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಫಿಟ್ಸ್ ಬರೋ ಸಾಧ್ಯತೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಯಾವುದಕ್ಕೆ ಕೆಲಸ ಮಾಡುತ್ತೆ, ಯಾವುದಕ್ಕೆ ಇಲ್ಲ

ಇದು ಬೇಜಾರಿನ ಭಾಗ, ಕೇಳೋರಿಗೆ ಇಷ್ಟ ಆಗಲ್ಲ. ರಾತ್ರಿ ಕಾಲು ಹಿಡ್ಕೊಳೋದಕ್ಕೆ ಮೆಗ್ನೀಸಿಯಂ ಕೊಟ್ಟು ನೋಡಿದ ಪ್ರಯೋಗಗಳನ್ನ ಒಟ್ಟು ಹಾಕಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿದೆ, 2020ರಲ್ಲಿ ಮತ್ತೊಮ್ಮೆ, ವಯಸ್ಸಾದೋರಿಗೆ ಹೇಳಿಕೊಳ್ಳೋ ಪ್ರಯೋಜನ ಇಲ್ಲ ಅಂತ. ಕೊರತೆ ಸಾಬೀತಾಗಿದ್ರೆ ಬೇರೆ ಮಾತು, ಇಲ್ಲದಿದ್ರೆ ಮಲಗೋ ಮುಂಚೆ ಮೀನಖಂಡ ಎಳೆದು ಸ್ಟ್ರೆಚ್ ಮಾಡೋದು ಕಾಸಿಲ್ಲದ ಪ್ರಯತ್ನ, ಮಾಡಿ ನೋಡಿ. ಮೈಗ್ರೇನ್ ತಡೆಯೋಕೆ ಸ್ವಲ್ಪ ಒಳ್ಳೇ ಆಧಾರ ಇದೆ, ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2012ರಲ್ಲಿ ಬಹುಶಃ ಉಪಯೋಗ ಅಂತ ಹೇಳಿತ್ತು, ಆದ್ರೆ ಅಲ್ಲಿ ಬಳಸೋ ಡೋಸ್ ಜಾಸ್ತಿ, ಡಾಕ್ಟರ್ ಹೇಳಿಯೇ ತಗೋಬೇಕು. ಬಿಪಿ ಇಳಿಯುತ್ತೆ, ಎಷ್ಟು ಅಂದ್ರೆ ಎರಡು ಪಾಯಿಂಟ್ ಆಸುಪಾಸು, ಬಿಪಿ ಮಾತ್ರೆ ಬಿಡೋ ಅಷ್ಟಲ್ಲ. ನಿದ್ದೆಗೆ ಆಧಾರ ತೆಳು, ಕೆಲವರು ವಾಸಿ ಅಂತಾರೆ, ಅವರ ಜೊತೆ ನಾನು ಜಗಳ ಆಡಲ್ಲ. ಮಲಬದ್ಧತೆಗೆ ಮಾತ್ರ ಅಜ್ಜನ ಕಾಲದಿಂದ ಅನುಮಾನವೇ ಇಲ್ಲ.

ಇವರಿಗೆ ನಾನು ಕೊಡಲ್ಲ

ಕಿಡ್ನಿ ತೊಂದ್ರೆ ಇರೋರಿಗೆ. ಜಾಸ್ತಿ ಆದ ಮೆಗ್ನೀಸಿಯಂ ಹೊರಗೆ ಹಾಕೋದೇ ಕಿಡ್ನಿ, ಅದು ಸುಸ್ತಾಗಿದ್ರೆ ಒಳಗೇ ಕೂಡ್ತಾ ಹೋಗುತ್ತೆ, ಬಿಪಿ ಬಿದ್ದು, ಮಂಪರು ಬಂದು, ಉಸಿರು ನಿಧಾನ ಆಗೋ ತನಕ ಹೋಗಬಹುದು. ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸ್ತಿದೆ ಅನ್ನೋ ಅಳತೆ) 30ಕ್ಕಿಂತ ಕೆಳಗಿರೋರು ಬಿಳೀ ಭೇದಿ ಔಷಧಿ, ಗ್ಯಾಸ್‌ಗೆ ಕುಡಿಯೋ ಪಿಂಕ್ ಸಿರಪ್ ಕೂಡ ಕೇಳದೇ ಕುಡೀಬಾರ್ದು, ಅವುಗಳಲ್ಲೂ ಮೆಗ್ನೀಸಿಯಂ ಇದೆ, ಯಾರೂ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ.

ಉಳಿದೋರು ಟೈಮಿಂಗ್ ನೋಡ್ಕೊಳಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್ ತಗೊಳ್ತಿದ್ರೆ ಆ ಐದು ದಿನ ಮೆಗ್ನೀಸಿಯಂ ಬಿಟ್ಟುಬಿಡೋದೇ ಸುಲಭ, ಇಲ್ಲಾಂದ್ರೆ ಅದು ಆಂಟಿಬಯಾಟಿಕ್‌ನ ಹೊಟ್ಟೇಲೇ ಕಟ್ಟಿ ಹಾಕುತ್ತೆ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ತಗೊಳೋರು ಆವತ್ತು ಎರಡು ಗಂಟೆ ಆದ್ರೂ ಬಿಟ್ಟು ತಗೊಳಿ. ಅಮ್ಮನ ಡಬ್ಬಿ ಮೇಲೆ ನಾನೇ ಬಿಳಿ ಟೇಪ್ ಅಂಟಿಸಿ ಮಾರ್ಕರಲ್ಲಿ ಬರೆದಿದೀನಿ, 'ಬೆಳಿಗ್ಗೆ 6 ಥೈರಾಯ್ಡ್, ರಾತ್ರಿ 9 ಮೆಗ್ನೀಸಿಯಂ, ತಿಂಗಳ ಕೊನೆಗೆ ಟೆಸ್ಟ್'. ಅದರ ಕೆಳಗೆ ಅಮ್ಮ ಪೆನ್ಸಿಲಲ್ಲಿ 'ಹುರಳಿ ನೆನೆ ಹಾಕು' ಅಂತ ಸೇರಿಸಿದಾರೆ.